ಜೋಳದ ರೊಟ್ಟಿಗೆ ಬೇರೆ ಪ್ರಾರ್ಥನೆ

೧೯೭೯ರ ಜನವರಿಯ ಒಂದು ಭಾನುವಾರ, ಠಾಣೆ ಊರಿನ ನಮ್ಮ ಚಾಳಿನ ಪಕ್ಕದ ಮನೆಯ ಯಹೂದಿ ಅಜ್ಜ ಊಟಕ್ಕೆ ಬಂದಿದ್ದರು. ತಮ್ಮ ಮನೆಯಲ್ಲಿ ಗೋಧಿಯ ಬ್ರೆಡ್ ಮುರಿಯುವಾಗ ಅವರು ಹೇಳುವ ಪ್ರಾರ್ಥನೆ ಅವ್ವನ ಕಿವಿಗೆ ಪರಿಚಿತವಾಗಿತ್ತು. ಅವಳ ಜೋಳದ ರೊಟ್ಟಿಗೆ ಅವರು ಬೇರೆಯದನ್ನು ಹೇಳಿದರು. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

“ಯಾಕ್ರಿ ಬಾಬಾ, ನಮ್ಮ ರೊಟ್ಟಿ ಕಡಿಮಿ ಆತೇನು?”

ಅಜ್ಜ ಮರಾಠಿಯಲ್ಲಿ ನಿಧಾನವಾಗಿ ವಿವರಿಸಿದರು. ಬೈಬಲಿನ ಹೀಬ್ರೂವಿನಲ್ಲಿ ಧಾನ್ಯಕ್ಕೆ ‘ದಾಗಾನ್’ ಎನ್ನುತ್ತಾರಂತೆ. ಆಮೇಲಿನ ಪಂಡಿತರು ಗೋಧಿ, ಬಾರ್ಲಿಯಂಥ ಐದು ಕಾಳುಗಳಿಗೆ ಮಾತ್ರ ಆ ಹೆಸರು ಉಳಿಸಿದರು. ಬ್ರೆಡ್ಡಿನ ಪ್ರಾರ್ಥನೆ ಅವುಗಳಿಗೇ ಸಲ್ಲುತ್ತದೆ. ಬಹಳ ಹಿಂದೆ ಆ ಸೀಮೆಯ ಬೇರೆ ಜನ ಅದೇ ಹೆಸರಿನ ದೇವರನ್ನು ಪೂಜಿಸುತ್ತಿದ್ದರು. ದೇವರಿಂದ ಕಾಳಿಗೆ ಹೆಸರು ಬಂತೋ, ಕಾಳಿನಿಂದ ದೇವರಿಗೋ, ಬಲ್ಲವರೂ ಖಚಿತವಾಗಿ ಹೇಳಲಾರರು.

ಅವ್ವ ದೇವರ ವಿಷಯ ಬಿಟ್ಟು ಕೇಳಿದಳು, “ಆ ಮುಲುಕಿನ್ಯಾಗ ಜ್ವಾಳ ಬೆಳೀತಿದ್ದಿಲ್ಲೇನು?”

“ನವ್ಹತೀ, ಬಾಯಿ,” ಇರಲೇ ಇಲ್ಲ ಎಂದು ಅಜ್ಜ ತಲೆಯಾಡಿಸಿದರು.

“ಹಂಗಾರ ಪಂಡಿತರದೇನು ತಪ್ಪು ಬಿಡ್ರಿ. ಕಾಣದ ಕಾಳನ್ನ ಯಾರು ಲೆಕ್ಕಕ್ಕ ಹಿಡೀತಾರ?”

ಹಾಗೆಂದು ಅವ್ವ, ಅವರು ಬೇಡವೆಂದರೂ ಇನ್ನೊಂದು ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕಿದಳು.