ನೋಡದ ಆಟದ ಕಾರ್ಡು

ಕೆಲಸದ ಮೇಲೆ ಚೆನ್ನೈಗೆ ಹೋದಾಗ ವೆಸ್ಟ್ ಮಾಂಬಲಂನಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟವರು ರೈಲ್ವೆಯಿಂದ ನಿವೃತ್ತರಾದ ಒಬ್ಬ ಕನ್ನಡಿಗರು. ಅವರಿಗೆ ಬೇಸ್‌ಬಾಲ್ ಕಾರ್ಡುಗಳ ಹುಚ್ಚು. ಚಿಕ್ಕಂದಿನಲ್ಲಿ ರಾಯಪುರಂ ಹಾರ್ಬರಿನ ಹತ್ತಿರ ಯಾವನೋ ಅಮೆರಿಕದ ನಾವಿಕನೊಬ್ಬ, ಬೇಸ್‌ಬಾಲ್ ಆಟಗಾರನ ಚಿತ್ರವಿದ್ದ ಕಾರ್ಡೊಂದನ್ನು ಕೊಟ್ಟನಂತೆ, ಅಲ್ಲಿಂದ ಹತ್ತಿಕೊಂಡದ್ದು. ಆಟವನ್ನು ಮಾತ್ರ ಒಮ್ಮೆಯೂ ನೋಡಿದವರಲ್ಲ.

ಒಂದು ಸಂಜೆ ಅವರ ಹೆಂಡತಿ ಕಾಫಿ ತಂದು, ನನ್ನನ್ನೇ ನ್ಯಾಯಕ್ಕೆ ಕೂರಿಸಿದರು. "ದೇಶ ಸುತ್ತಿದೋರು ನೀವು, ಹೇಳಿ. ಒಂದು ಕಾರ್ಡಿಗೆ ಅರ್ಧ ತಿಂಗಳ ಪೆನ್ಷನ್ ಹಾಕ್ತೀನಿ ಅಂತಾರೆ ಇವರು. ಇಂಥದಕ್ಕೆಲ್ಲ ಎಷ್ಟು ಖರ್ಚು ಮಾಡಬಹುದು?"

"ಕಳೆದುಹೋದರೂ ನಿದ್ದೆ ಕೆಡದಷ್ಟು," ಎಂದೆ, ತೂಕವಾಗಿ.

"ಒಂದು ಕಾರ್ಡು ಸೋಫಾ ಕೆಳಗೆ ಹೋದ್ರೂ ಇವರಿಗೆ ಜ್ವರ ಬರತ್ತೆ. ಹಾಗಾದ್ರೆ ಒಂದು ಪೈಸಾನೂ ಕೂಡದು, ಸರಿಯಾ?"

ಯಜಮಾನರ ಮುಖ ಬಾಡಿತು. "ನಿನ್ನ ಬೀರು ತುಂಬ ರವಿಕೆ ಕಣ ಇದೆ. ಒಂದನ್ನಾದ್ರೂ ಹೊಲಿಸಿದೀಯಾ?"

"ಅದು ಅರಿಶಿನ ಕುಂಕುಮದ ಜೊತೆ ಬಂದದ್ದು, ಹಾಗೇ ಇನ್ನೊಬ್ಬರ ಮನೆಗೆ ಹೋಗತ್ತೆ. ಅದಕ್ಕೇನು ಖರ್ಚು? ತೋರಿಸಿ, ಯಾರವನು ಅಷ್ಟು ದೊಡ್ಡ ಮನುಷ್ಯ."

ಅವರು ಆ ಕಾರ್ಡಿನ ಚಿತ್ರ ತೆರೆದು ಫೋನು ಚಾಚಿದರು. ಬ್ಯಾಟು ಎತ್ತಿ ನಿಂತ ಒಬ್ಬ ತರುಣ. ಆಕೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಏನ್ ಮಾಡ್ತಿದಾನೆ?"

"ಸರಿಯಾಗಿ ಗೊತ್ತಿಲ್ಲ ಕಣೇ. ಚೆಂಡು ಬರೋದನ್ನ ಕಾಯ್ತಿದಾನೆ ಅನ್ಸತ್ತೆ."

"ಪಾವಂ, ಹೆದರಿದಾನೆ," ಎಂದರು ಆಕೆ, ಪಾಪ ಅನ್ನೋದಕ್ಕೆ ತಮಿಳಿಗೆ ಜಾರಿ. ಫೋನು ಹಿಂದಕ್ಕೆ ಕೊಡುತ್ತಾ, "ಮನೆಗೆ ಕರ್ಕೊಂಡ್ ಬನ್ನಿ ಇವನನ್ನ" ಎಂದರು.

ನನ್ನ ತೂಕದ ಸಲಹೆ ಆಮೇಲೆ ಯಾರಿಗೂ ಬೇಕಾಗಲಿಲ್ಲ. ಕಾಫಿ ಆರತ್ತೆ, ಕುಡೀರಿ ಅಂದರು ಆಕೆ, ಅಷ್ಟೆ.