ಕಫದ ಡಬ್ಬಿಯ ಮುಕಾದಮರು
ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಯಾರಾದರೂ ಎರಡು ಸಲ ಕೆಮ್ಮಿದರೆ ಸಾಕು, ಆಳುಗಳ ಮೇಲ್ವಿಚಾರಕರಾದ ಮುಕಾದಮ ಪಾಯಪ್ಪನವರು ಕಿಸೆಯಿಂದ ಕಫದ ಡಬ್ಬಿ ತೆಗೆಯುತ್ತಾರೆ. ಕೆಮ್ಮಿದವನು ಮಾಲೀಕರ ಅಳಿಯನಾದರೂ ಬಿಡುವುದಿಲ್ಲ. ಕ್ಷಯ ಇಲ್ಲವೆಂದು ಸರಕಾರಿ ದವಾಖಾನೆಯ ಚೀಟಿ ಬರುವವರೆಗೆ ಅವನಿಗೆ ಕೆಲಸವಿಲ್ಲ. ಡಬ್ಬಿಯನ್ನು ಮನೆಯಿಂದ ತುಂಬಿ ತರುವಂತೆಯೂ ಇಲ್ಲ. "ನನ್ನ ಮುಂದ ಕೆಮ್ಮಿ ಉಗುಳ್ರಿ" ಎಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿ, ತಾವೇ ಮುಚ್ಚಳ ಬಿಗಿದು, ಸೈಕಲ್ಲಿನ ಮೇಲೆ ಒಯ್ಯುತ್ತಾರೆ. "ಇಷ್ಟ್ಯಾಕ ಸಂಶಯಾ ರೀ, ಮುಕಾದಮ್ರ?" ಎಂದು ಒಮ್ಮೆ ಕೇಳಿದೆ. ಅವರು ಡಬ್ಬಿ ಒರೆಸುತ್ತಲೇ ಹೇಳಿದರು: "ಹಿಂದಕ ನನಗ ಕೆಮ್ಮ ಹತ್ತಿದಾಗ, ನೌಕರಿ ಹೋಗಬಾರದಂತ, ಗಟ್ಟಿಮುಟ್ಟ ತಮ್ಮನ ಕಫಾ ನಂದಂತ ಕೊಟ್ಟಿದ್ನಿರಿ. ಕ್ಷಯ ಇಲ್ಲಂತ ಚೀಟಿ ಬಂತು, ಕೆಮ್ಮಕೋತನ ಕೆಲಸಾ ಮಾಡಿದ್ನಿ. ಮುಂದ ಔಷಧಾ ತಗೊಂಡು ನಾ ಆರಾಮಾದ್ನಿ. ನನ್ನ ಬಾಜೂಕ ಹಂಚು ಒತ್ತತಿದ್ದ ಕಲ್ಲಯ್ಯ ಉಳೀಲಿಲ್ಲ."