ಕೊಳವಳ್ಳಿ ಕಡವಿನ ಕೆಂಪೆಣ್ಣೆ

ಹೋದ ವಾರ ಮನೆಗೆ ಬಂದಿದ್ದ ನೆಂಟರ ಕಾರು ಹೊರಟುಹೋದ ಮೇಲೆ ಅಂಗಳದ ಕಲ್ಲಿನ ಮೇಲೆ ಒಂದು ಕೆಂಪು ಚುಕ್ಕೆ ಉಳಿದಿತ್ತು. ಸೊಸೆ ನೋಡಿ, "ಮಾವ, ಯಾವುದೋ ಕೋಳಿಗೆ ಗಾಯ ಆಗಿದೆ" ಎಂದಳು. ನಾನು ಬಗ್ಗಿ ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಈ ವಯಸ್ಸಿನಲ್ಲಿ ಬಗ್ಗುವುದೇ ಒಂದು ಕಾರ್ಯಕ್ರಮ ಅನ್ನಿ. ಗಾಯವಲ್ಲ, ಗೇರ್‌ಬಾಕ್ಸಿನ ಎಣ್ಣೆ. ಕೂಡಲೇ ನೆಂಟರಿಗೆ ಫೋನ್ ಮಾಡಿ ಹೇಳಬೇಕಿತ್ತು. ಹೇಳಿದ್ದು ಅರ್ಧ ಗಂಟೆ ಕಳೆದ ಮೇಲೆ. ಅಷ್ಟು ಹೊತ್ತೂ ಜಗಲಿಯಲ್ಲಿ ಕೂತು ಬೆರಳಿಗೆ ಬೆರಳು ಉಜ್ಜುತ್ತಿದ್ದೆ. ಮನಸ್ಸು ಹೊಳೆ ದಾಟುವ ಕಡವಿಗೆ ಹೋಗಿಬಿಟ್ಟಿತ್ತು.

ತಿರುವಾಂಕೂರಿನ ಕಡೆಯಿಂದ ಜನ ಹೆಂಡತಿ ಮಕ್ಕಳು, ಪಾತ್ರೆ ಪಡಗ ಕಟ್ಟಿಕೊಂಡು ವಯನಾಡಿಗೆ ಬರುತ್ತಿದ್ದ ಕಾಲ ಅದು. ಕಾಡು ಕಡಿದಲ್ಲಿ ಮರಗೆಣಸು, ಅದರ ಪಕ್ಕ ಒಂದು ಗುಡಿಸಲು, ಅದರಾಚೆ ಮತ್ತೆ ಕಾಡು. ನಾನು ಗುಂಡ್ಲುಪೇಟೆಯ ಲಾರಿ ಮೆಕ್ಯಾನಿಕ್. ಮುತ್ತಂಗದ ಕಾಡಿನಲ್ಲಿ ಕೆಟ್ಟು ನಿಂತ ಒಂದು ಲಾರಿಯನ್ನು ಸರಿಮಾಡಲು ಬಂದವನು, ಅದು ಸರಿಯಾಗಿ ಹೊರಟ ಮೇಲೂ ಇಲ್ಲೇ ಉಳಿದೆ. ಯಾಕೆ ಎಂದು ನನ್ನನ್ನು ಕೇಳಬೇಡಿ, ನನ್ನ ಹೆಂಡತಿಯನ್ನು ಕೇಳಿ.

ಕೊಳವಳ್ಳಿಯಲ್ಲಿ ಎಲ್ಲರೂ ವರ್ಕಿ ಚೇಟ್ಟ, ಅಂದರೆ ವರ್ಕಿ ಅಣ್ಣ, ಎನ್ನುತ್ತಿದ್ದವರು ಕಬಿನಿ ದಾಟಿಸಲು ಒಂದು ಎಂಜಿನ್ ದೋಣಿ ತಂದಿದ್ದರು. ಕೊಚ್ಚಿಯ ಹರಾಜಿನಲ್ಲಿ ಸಿಕ್ಕ ಹಳೆಯ ವಿದೇಶಿ ದೋಣಿ. ಎಂಜಿನ್ನು, ಗೇರ್‌ಬಾಕ್ಸು ಎಲ್ಲ ಅದರ ಹೊಟ್ಟೆಯೊಳಗೇ. ಬೇಸಗೆಯಲ್ಲಿ ಜನ ಮೊಣಕಾಲು ನೀರಿನಲ್ಲಿ ನಡೆದೇ ದಾಟುತ್ತಿದ್ದರು. ಮಳೆ ಹಿಡಿದರೆ ಆ ದೋಣಿಯೇ ಗತಿ. ಆ ಮಳೆಗಾಲ ಅವರು ನನ್ನ ಗುಡಿಸಲಿಗೆ ಬಂದು, ಕೂರದೆ, ಬಾಗಿಲಲ್ಲೇ ನಿಂತು ಹೇಳಿದರು:

"ಮೇಸ್ತ್ರಿ, ನನ್ನ ಬೋಟಿನಿಂದ ಚೋರ ಬರ್ತದೆ."

ಚೋರ ಎಂದರೆ ಮಲಯಾಳದಲ್ಲಿ ನೆತ್ತರು. ನಾನು ನಕ್ಕೆ. ಅವರು ನಗಲಿಲ್ಲ.

ಬೆಳಗಿನ ಮಂಜಿನಲ್ಲಿ ಹೋಗಿ ಹಲಗೆ ಎತ್ತಿ ನೋಡಿದಾಗ ನನ್ನ ನಗುವೂ ನಿಂತಿತು. ದೋಣಿಯ ತಳದಲ್ಲಿ ನಿಂತ ನೀರೆಲ್ಲ ಕೆಂಪು. ನಾನು ಕಂಡಿದ್ದ ಗೇರ್ ಎಣ್ಣೆ ಲಾರಿಯದು, ಕಪ್ಪು, ದಪ್ಪ. ಆ ಗೇರ್‌ಬಾಕ್ಸಿಗೆ ಹಾಕುವ ತೆಳು ಎಣ್ಣೆಗೆ ತಯಾರಕರೇ ಕೆಂಪು ಬಣ್ಣ ಬೆರೆಸುತ್ತಾರೆ ಎಂಬುದು ಡಬ್ಬ ತೆರೆದು ನೋಡಿದ ಮೇಲಷ್ಟೇ ತಿಳಿಯಿತು. ತಿಳಿದರೂ, ಮಂಜಿನಲ್ಲಿ, ಹಕ್ಕಿಯ ಸದ್ದೂ ಇಲ್ಲದ ಆ ಕಡವಿನಲ್ಲಿ ಕೈಗೆ ಅಂಟಿದ ಕೆಂಪು ಬೇರೆಯೇ.

ದಡದ ದಿಬ್ಬದ ಮೇಲೆ ಒಬ್ಬ ಮುದುಕಿ ಕೂತಿರುತ್ತಿದ್ದಳು. ಕಾಡಿನ ಜನದವಳು. ಹೆಸರು ಬೊಳ್ಳಿ. ದಿನಾ ಬೆಳಿಗ್ಗೆ ಬರುವಳು. ದೋಣಿ ಹತ್ತಿದ್ದನ್ನು ಯಾರೂ ಕಂಡಿಲ್ಲ.

ಸೋರಿಕೆ ಹುಡುಕಲು ನನಗೆ ಗೊತ್ತಿದ್ದ ಉಪಾಯ ಒಂದೇ. ಎಲ್ಲವನ್ನೂ ಬಟ್ಟೆಯಿಂದ ಒಣಗಿಸಿ, ಗೇರ್‌ಬಾಕ್ಸಿನ ಮೈಗೆಲ್ಲ ಮೈದಾ ಹಿಟ್ಟು ಉದುರಿಸುವುದು. ಎಣ್ಣೆ ಎಲ್ಲಿಂದ ಹೊರಟರೂ ಹಿಟ್ಟಿನಲ್ಲಿ ದಾರಿ ಮೂಡುತ್ತದೆ. ಹಾಗೆ ಮಾಡಿ ದಿನವಿಡೀ ಆಚೆ ದಡಕ್ಕೂ ಈಚೆ ದಡಕ್ಕೂ ಓಡಿಸಿದೆವು. ಒಂದು ಹನಿಯೂ ಇಲ್ಲ. ಸಂಜೆ ಕಟ್ಟಿ ಬಂದೆವು. ಬೆಳಿಗ್ಗೆ ನೋಡಿದರೆ ತಳವೆಲ್ಲ ಕೆಂಪು, ಹಿಟ್ಟು ಮಂಜಿಗೆ ನೆನೆದು ದಾರಿಯೇ ಕಾಣದು. ಓಡುವಾಗ ಸೋರದೆ, ಸುಮ್ಮನೆ ನಿಂತಾಗ ಸೋರುವ ಯಂತ್ರವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಳತೆಯ ಕಡ್ಡಿ ಅದ್ದಿ, ಕಡಿಮೆಯಾದಷ್ಟು ಎಣ್ಣೆ ತುಂಬಿಸಿ, ಗಡ್ಡ ಕೆರೆದುಕೊಂಡು ಮನೆಗೆ ಬಂದೆ. ಎರಡನೆಯ ದಿನವೂ ಅಷ್ಟೇ.

ಮೂರನೆಯ ದಿನ ಬೆಳಿಗ್ಗೆ ಹಿಟ್ಟಿನ ಮೇಲೆ ಐದು ಕೆಂಪು ಗೆರೆಗಳಿದ್ದವು. ಯಾರೋ ಕೈಯನ್ನು ಮೇಲಿನಿಂದ ಕೆಳಕ್ಕೆ ಎಳೆದ ಹಾಗೆ. ಗೇರ್‌ಬಾಕ್ಸಿನ ಹಿಂಬದಿಯಲ್ಲಿ ಎದ್ದುನಿಂತ ಏಣುಗಳಿದ್ದವು, ಎಣ್ಣೆ ಅವುಗಳ ಸಂದಿನಲ್ಲಿ ಇಳಿದಿತ್ತು, ಅಷ್ಟೇ. ಇದು ಹೊಳೆದದ್ದು ಮಧ್ಯಾಹ್ನ. ಬೆಳಿಗ್ಗೆ ನಾನು ಮಾಡಿದ್ದೇನೆಂದರೆ, ಯಾರ ಕಣ್ಣಿಗೂ ಬೀಳದಂತೆ ಅದನ್ನು ಒರೆಸಿ, ಹಲಗೆ ಮುಚ್ಚಿ, ದಡಕ್ಕೆ ಹಾರಿದ್ದು. ಅಳತೆಯ ಕಡ್ಡಿಯನ್ನು ಅದ್ದಿ ನೋಡಲಿಲ್ಲ. ನಾನೊಬ್ಬ ಮೇಸ್ತ್ರಿ!

ಆ ದಿನ ಹನ್ನೊಂದು ಜನ ಹತ್ತಿದ್ದರು. ಈಜು ಬಾರದ ನಾನೂ ಇದ್ದೆ. ನಡುಹೊಳೆಯಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ದನಿ ಏರಿಸಿ ಅರಚಿತು, ದೋಣಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಎಣ್ಣೆ ಬತ್ತಿ ಗೇರು ಹಿಡಿತ ಬಿಟ್ಟಿತ್ತು. ದೋಣಿ ಮೆಲ್ಲಗೆ ಅಡ್ಡ ತಿರುಗಿ, ನೀರು ಎಳೆದ ಕಡೆಗೆ ಹೊರಟಿತು. ವರ್ಕಿ ಚೇಟ್ಟ ಎಂಜಿನ್ ನಿಲ್ಲಿಸಿದರು. ಯಾರೂ ಕೂಗಲಿಲ್ಲ. ದಡದ ಮೇಲೆ ಬೊಳ್ಳಿ ಎದ್ದು, ನಾವು ಹೋಗುವ ವೇಗಕ್ಕೆ ಸರಿಯಾಗಿ ನಡೆದು ಬರುತ್ತಿದ್ದಳು. ನಮ್ಮ ಕಡೆ ನೋಡುತ್ತಿರಲಿಲ್ಲ. ಹೊಳೆ ತಿರುಗುವಲ್ಲಿ ಬಾಗಿದ್ದ ಬಿದಿರು ಸಿಕ್ಕಿತು. ಹಿಡಿದ ಅಂಗೈಗಳೆಲ್ಲ ಸೀಳಿದವು, ಜೀವ ಉಳಿಯಿತು.

ದಡಕ್ಕೆ ಬಂದವನು ಅವಳ ಕಾಲ ಬಳಿಯೇ ಕೂತೆ. ಅವಳು ಹೇಳಿದಳು:

"ನೀವು ತೋಣಿ ಕಟ್ಟೋದು ನಮ್ಮವ್ವನ ಮ್ಯಾಲೆ, ಮಗ. ಆ ದಿಬ್ಬದಾಗೆ ನಮ್ಮವ್ವನ ಹೂತಿವ್ನಿ."

ದೋಣಿ ಮುಳುಗದಿರಲೆಂದು ಅದರ ಮೂತಿಯನ್ನು ದಿನಾ ಸಂಜೆ ಆ ದಿಬ್ಬದ ಮೇಲಕ್ಕೆ ಎಳೆದು ಕಟ್ಟುತ್ತಿದ್ದೆವು. ಭಯದ ಜೊತೆಗೇ ನನ್ನ ತಲೆಯಲ್ಲಿ ಇನ್ನೊಂದು ಓಡಿತು. ಮೂತಿ ಮೇಲಿದ್ದರೆ ಎಣ್ಣೆ ಹಿಂದಕ್ಕೆ ಬಂದು ನಿಲ್ಲುತ್ತದೆ! ತಿರುಗುವ ದಂಡ ಗೇರ್‌ಬಾಕ್ಸಿನಿಂದ ಹೊರಬರುವಲ್ಲಿ, ಎಣ್ಣೆ ತಡೆಯಲು ಸೀಲ್ ಎಂಬ ರಬ್ಬರಿನ ಬಳೆಯೊಂದಿರುತ್ತದೆ. ಮಧ್ಯಾಹ್ನ ದಂಡದ ಜೋಡಣೆ ಬಿಚ್ಚಿ ಅದನ್ನು ಹೊರತೆಗೆದೆ. ಬಳೆಯ ಮೇಲರ್ಧ ಮಾತ್ರ ಸವೆದು ಹರಿದಿತ್ತು, ಕೆಳಗರ್ಧ ಹೊಸದರಂತಿತ್ತು. ದೋಣಿ ಮಟ್ಟಸವಾಗಿ ಓಡುವಾಗ ಎಣ್ಣೆ ಆ ಹರುಕಿನ ತನಕ ಏರುತ್ತಿರಲಿಲ್ಲ. ದಿಬ್ಬಕ್ಕೆ ಎಳೆದು ಕಟ್ಟಿದ ಕೂಡಲೇ ಏರುತ್ತಿತ್ತು.

ಒಂದೇ ಕಡೆ ಸವೆದಿದೆ ಎಂದರೆ ದಂಡ ನೇರವಾಗಿಲ್ಲ, ಏನೋ ಅದನ್ನು ಎಳೆಯುತ್ತಿದೆ. ಎಂಟು ಜನ ಸೇರಿ ದೋಣಿಯನ್ನು ಮರದ ದಿಮ್ಮಿಗಳ ಮೇಲೆ ದಡಕ್ಕೆ ಉರುಳಿಸಿದರು. ನಾನು ಅಡಿಗೆ ತೆವಳಿದೆ. ನೀರು ತಳ್ಳುವ ರೆಕ್ಕೆಯ ಬುಡದಲ್ಲಿ, ದಂಡಕ್ಕೆ ಒಂದು ಬಟ್ಟೆ ಹಗ್ಗದಂತೆ ಬಿಗಿದು ಸುತ್ತಿಕೊಂಡಿತ್ತು. ಹೊಲಿಗೆ ಬಿಡಿಸುವಂತೆ ಬಿಡಿಸುತ್ತಾ ಹೋದೆ. ಮಾರುಗಟ್ಟಲೆ ಬಟ್ಟೆ. ಅದರೊಳಗೆ ಕರಿಮಣಿಯ ಎಳೆಗಳು, ಕೊನೆಗೆ ಒಂದು ಸಣ್ಣ ಹಿತ್ತಾಳೆ ಬಳೆ.

ದೋಣಿಯ ಅಲೆ ದಿಬ್ಬವನ್ನು ಕೆಳಗಿನಿಂದ ತಿಂದಿತ್ತು. ಮಣ್ಣು ಜರಿದು ಬಿದ್ದದ್ದನ್ನು ರೆಕ್ಕೆ ಎಳೆದುಕೊಂಡಿತ್ತು. ನಿಮಗೆ ಇದು ಬರೀ ಯಂತ್ರದ ಲೆಕ್ಕ ಅನ್ನಿಸಿದರೆ ನಾನು ಬೇಡ ಎನ್ನುವುದಿಲ್ಲ. ಆದರೆ ನಾನು ಅಡಿಯಿಂದ ತೆವಳಿ ಹೊರಬಂದು ಬಳೆಯನ್ನು ಎರಡೂ ಕೈಯಲ್ಲಿ ಬೊಳ್ಳಿಗೆ ಚಾಚಿದೆ.

ಬೊಳ್ಳಿ ಬಳೆಯನ್ನು ತೆಗೆದುಕೊಂಡು ತನ್ನ ಕೈಗೆ ಹಾಕಿ ನೋಡಿದಳು. ಸರಿಹೋಯಿತು. ತೆಗೆದು ಬಟ್ಟೆಯ ಮೇಲಿಟ್ಟಳು. ಅಳಲಿಲ್ಲ.

ವರ್ಕಿ ಚೇಟ್ಟ ಹೋಗಿ ಗುದ್ದಲಿ ತಂದರು. ಆಮೇಲೆ, "ಈ ಜಾಗ ನನ್ನ ಕಾಗದದಲ್ಲಿ ಉಂಟು ಅಮ್ಮಚ್ಚಿ, ಆದರೆ ನನಗೆ ಅರಿಯಲಿಲ್ಲ" ಎಂದರು.

"ನಿನ್ನ ಕಾಗದಕ್ಕೂ ಅರಿಯದು" ಎಂದಳು ಬೊಳ್ಳಿ.

ಅವರು ಗುದ್ದಲಿಯನ್ನು ಬೇರೆ ಯಾರಿಗೂ ಕೊಡಲಿಲ್ಲ. ಅವಳು ತೋರಿಸಿದಲ್ಲಿ, ನೀರು ಏರದಷ್ಟು ಮೇಲೆ, ತಾವೇ ಅಗೆದರು. ಬಟ್ಟೆ, ಮಣಿ, ಬಳೆ ಎಲ್ಲವನ್ನೂ ಒಳಗಿಟ್ಟು ಮಣ್ಣು ಮುಚ್ಚಿದ ಮೇಲೆ ಬೆವರು ಒರೆಸಿಕೊಂಡು ಕೇಳಿದರು: "ಇನ್ನೂ ಯಾರಾದರೂ ಇದ್ದಾರಾ ಇಲ್ಲಿ?"

ಬೊಳ್ಳಿ ಕೈ ಚಾಚಿದಳು. ಬೆರಳು ಹೊಳೆಯ ದಂಡೆಯಿಂದ ಹೊರಟಿತು. ಮರಗೆಣಸಿನ ಹೊಲ, ವರ್ಕಿ ಚೇಟ್ಟರ ಮನೆ, ಹುಲ್ಲಿನ ಮಾಡಿನ ಚರ್ಚು, ಹೊಸದಾಗಿ ಕಡಿದ ಬಯಲು; ಎಲ್ಲಿಯೂ ನಿಲ್ಲದೆ ಬೆರಳು ಸಾಗುತ್ತಲೇ ಇತ್ತು. ಕೊನೆಗೆ ನನ್ನ ಕಾಲುಗಳ ಬಳಿ ಬಂದು ನಿಂತಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬೆರಳೂ ಎರಡು ಹೆಜ್ಜೆ ಬಂತು.

ಮರುದಿನ ಬಸ್ಸು ಹಿಡಿದು ಸುಲ್ತಾನ್ ಬತ್ತೇರಿಗೆ ಹೋದೆ. ಆ ದೋಣಿಯ ಸೀಲ್ ಅಲ್ಲಿ ಎಲ್ಲಿಂದ ಸಿಗಬೇಕು? ಲಾರಿಯ ಚಕ್ರದ ಸೀಲೊಂದು ಅಳತೆಗೆ ಕೂತಿತು. ದಂಡದ ಗೀರುಗಳನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಸೀಲಿನ ತುಟಿಗೆ ಗ್ರೀಸು ಸವರಿ ಕೂರಿಸಿದೆ. ಜೋಡಣೆಯ ಎರಡು ಬಿಲ್ಲೆಗಳ ನಡುವೆ ಸುತ್ತಲೂ ಕ್ಷೌರದ ಬ್ಲೇಡು ತೂರಿಸಿ, ಎಲ್ಲ ಕಡೆಯೂ ಸಂದು ಒಂದೇ ಸಮ ಆಗುವವರೆಗೆ ಎಂಜಿನ್ನಿನ ಕಾಲುಗಳನ್ನು ಎತ್ತಿ ಇಳಿಸಿದೆ. ಎರಡು ದಿನ ಹಿಡಿಯಿತು. ವರ್ಕಿ ಚೇಟ್ಟ ಕಡವನ್ನು ನೂರು ಮಾರು ಕೆಳಕ್ಕೆ, ಕಲ್ಲಿನ ಜಾಗಕ್ಕೆ ಬದಲಾಯಿಸಿದರು. ಹತ್ತಲು ಇಳಿಯಲು ಕಷ್ಟ, ಜನ ಗೊಣಗಿದರು, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಅದು ಒಂದು ಹನಿಯೂ ಸೋರಲಿಲ್ಲ.

ಬೊಳ್ಳಿ ಹೋಗಿ ಎಷ್ಟೋ ವರ್ಷಗಳಾದವು. ನಾನು ಇಲ್ಲೇ ಮನೆ ಕಟ್ಟಿದೆ. ಕಟ್ಟುವಾಗ ಯಾರನ್ನೂ ಏನೂ ಕೇಳಲಿಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಕೇಳಿದರೆ ಏನು ಹೇಳಿಯಾರು ಎಂಬ ಹೆದರಿಕೆ.

ನೆಂಟರಿಗೆ ಫೋನ್ ಮಾಡಿದ ಆ ಸಂಜೆಯೇ ಮಗ ಹಿತ್ತಿಲಲ್ಲಿ ನೀರಿನ ತೊಟ್ಟಿಗೆ ಗುಂಡಿ ತೋಡಲು ಗುರುತು ಹಾಕುತ್ತಿದ್ದ. "ನಾಳೆಯವರೆಗೆ ತಡಿ" ಎಂದೆ. ಬೆಳಿಗ್ಗೆ ಬೊಳ್ಳಿಯ ಮೊಮ್ಮಗಳು ಮಾದಿಯ ಮನೆಗೆ ಹೋಗಿ ವಿಷಯ ಹೇಳಿದೆ. ಅವಳಿಗೂ ಈಗ ತಲೆ ನರೆತಿದೆ. ನನ್ನನ್ನು ಒಂದು ಗಳಿಗೆ ನೋಡಿ, "ಈಗ ಕೇಳೋಕೆ ಬಂದ್ರಾ ಮೇಸ್ತ್ರಿ?" ಎಂದಳು. ಆದರೂ ಬಂದಳು. ಚಪ್ಪಲಿ ಹೊರಗೆ ಬಿಟ್ಟು ಹಿತ್ತಿಲೆಲ್ಲ ನಡೆದಳು. ತೊಟ್ಟಿಯ ಗುರುತು ದಾಟಿ, ಅಡುಗೆಮನೆ ದಾಟಿ, ನಡುಮನೆಗೆ ಬಂದು, ಕಿಟಕಿಯ ಕೆಳಗೆ ನಿಂತಳು.

"ತೊಟ್ಟಿ ತೋಡ್ಕೊಳ್ಳಿ, ಅಲ್ಲಿ ಯಾರೂ ಇಲ್ಲ. ಇಲ್ಲೊಬ್ರು ಅವ್ರೆ."

ನಾನು ಏನು ಮಾಡಲಿ ಎಂದು ಕೇಳಿದೆ.

"ಏನ್ ಮಾಡೋದು? ಅವ್ರು ಇರ್ಲಿ. ನೀವೂ ಇರಿ."

ಈಗ ನಡುಮನೆ ದಾಟುವಾಗ ನಾನು ಕಿಟಕಿಯ ಬಳಿ ಸ್ವಲ್ಪ ಬಳಸಿ ನಡೆಯುತ್ತೇನೆ. ಮಗ ನೋಡಿ ನಗುತ್ತಾನೆ. ನಿನ್ನೆ ನಾನು ಮಲಗಿದ್ದೇನೆಂದುಕೊಂಡು ಅವನು ಒಬ್ಬನೇ ಒಳಗೆ ಬಂದ. ಅವನೂ ಬಳಸಿಯೇ ಹೋದ.